ಕಳವು, ಸಂಶಯ ಮತ್ತು ರಾಜದ್ವಾರ

(ಆರಾಧನೆಯ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಬರೆಹ)

ಆರಾಧನೆಯ ಉಪನ್ಯಾಸವೆಂದ ಮೇಲೆ ಗುರುಸಾರ್ವಭೌಮರ ಮಹಿಮೆಯನ್ನೋ ಪರಿಮಳದ ಪಂಕ್ತಿಗಳ ಗಾಂಭೀರ್ಯವನ್ನೋ ಕೇಳಬೇಕೆಂದು ಬಂದವರಿಗೆ ಈ ಸಲ ಸ್ವಲ್ಪ ನಿರಾಶೆಯಾಗಿರಬಹುದು. ನಾವು ಹೇಳಲು ಕುಳಿತದ್ದು ಒಂದು ಮೊಬೈಲ್ ಫೋನಿನ ಸಂಗತಿ. ವ್ಯಾಸಪೀಠದಲ್ಲಿ ಕುಳಿತು ಇದೇನು ಮಾತು ಎಂದು ಹಿರಿಯರೊಬ್ಬರು ಮುಖ ಸಣ್ಣದು ಮಾಡಿದ್ದನ್ನೂ ಕಂಡೆವು. ಆದರೂ ಹೇಳಿದೆವು, ಏಕೆಂದರೆ ಆ ಫೋನು ಕಳೆದದ್ದು ಇದೇ ಆರಾಧನೆಯ ಪಂಕ್ತಿಯಲ್ಲಿ, ಮತ್ತು ಆ ದಿವಸ ತಪ್ಪಿ ನಡೆದವರಲ್ಲಿ ನಾವೂ ಒಬ್ಬರು.

ಕ್ರೋಧಿನಾಮ ಸಂವತ್ಸರದ ಶ್ರಾವಣ, ಅಂದರೆ 2024ರ ಮಧ್ಯಾರಾಧನೆಯ ದಿವಸ. ನಮ್ಮ ಕೋಟುಮಚಗಿಯ ಒಬ್ಬ ಗೃಹಸ್ಥರ ಮಗಳು, ಒಂಬತ್ತನೆಯ ಇಯತ್ತೆಯಲ್ಲಿ ಓದುವ ಹುಡುಗಿ, ಪಂಕ್ತಿಗೆ ಕೂಡ್ರುವ ಮುಂಚೆ ತನ್ನ ಫೋನನ್ನು ಪಡಸಾಲೆಯ ಗೂಡಿನಲ್ಲಿ ಇಟ್ಟು ಹೋದಳು. ಊಟ ಮುಗಿದು ಕೈತೊಳೆದು ಬರುವಷ್ಟರಲ್ಲಿ ಅದು ಇರಲಿಲ್ಲ. ಮಕ್ಕಳ ಕೈಗೆ ಇಂಥ ವಸ್ತು ಏಕೆ ಕೊಡಬೇಕು ಎಂದು ಕೇಳುವವರಿಗೆ ಉತ್ತರ ಎಲ್ಲರಿಗೂ ಗೊತ್ತೇ ಇದೆ. 2020–21ರಲ್ಲಿ ಶಾಲೆಗಳ ಬಾಗಿಲು ಮುಚ್ಚಿ ಪಾಠವೆಲ್ಲ ಫೋನಿನೊಳಕ್ಕೆ ಹೋದಾಗ, ಅದು ಮಕ್ಕಳ ಕೈಗೆ ಪಾಟಿಯ ಜಾಗದಲ್ಲಿ ಬಂದಿತು. ಶಾಲೆ ತೆರೆದ ಮೇಲೆ ಇಳಿಯಲಿಲ್ಲ. ಈ ಹುಡುಗಿಯ ತಂದೆ ಆ ಫೋನನ್ನು ಕಡಲೆ ಮಾರಿದ ಹಣದಲ್ಲಿ ಹನ್ನೊಂದು ಸಾವಿರ ಚಿಲ್ಲರೆ ಕೊಟ್ಟು ತಂದಿದ್ದರು. ಬೆಲೆಗಿಂತ ದೊಡ್ಡ ಮಾತೊಂದಿತ್ತು. ಹಿಂದಿನ ವರ್ಷ ತೀರಿಕೊಂಡ ಅವಳ ಅಜ್ಜಿ ಹಸೆಯ ಹಾಡು, ಆರತಿಯ ಹಾಡುಗಳನ್ನು ಹೇಳಿದ್ದನ್ನು ಮೊಮ್ಮಗಳು ಅದರಲ್ಲಿಯೇ ಹಿಡಿದಿಟ್ಟಿದ್ದಳು. "ಫೋನ್ ಹೋದ್ರ ಹೋಗ್ಲಿ, ಅಜ್ಜಿ ಹೋದ್ಲಲಾ" ಎಂದು ಆ ಕೂಸು ಕಂಬಕ್ಕೆ ಒರಗಿ ಅತ್ತದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಮುಂದೆ ನಡೆದದ್ದನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ. ಆ ದಿವಸ ನೀರು ಹೊತ್ತು, ಎಂಜಲೆಲೆ ಒಯ್ದು ಹಾಕಿ, ಅಂಗಳದಲ್ಲಿ ಓಡಾಡಿಕೊಂಡಿದ್ದ ಒಬ್ಬ ಹುಡುಗನಿದ್ದ, ಹದಿಮೂರು ವಯಸ್ಸಿರಬಹುದು. ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳ ಮಗ. ಯಾರೋ ಒಬ್ಬರು "ಆ ಹುಡುಗ ಪಡಸಾಲಿ ಕಡೆ ಬಂದಿದ್ನಲಾ" ಎಂದರು. ಇನ್ನೊಬ್ಬರು "ಹೌದು, ನಾನೂ ನೋಡೀನಿ" ಎಂದರು. ಅಷ್ಟೇ ಸಾಕಾಯಿತು. ಅವನ ಚೀಲವನ್ನು ಎಲ್ಲರ ಎದುರಿಗೆ ನೆಲದ ಮೇಲೆ ಸುರುವಿಸಿದರು. ಒಂದು ಅಂಗಿ, ಒಂದು ನೋಟುಬುಕ್ಕು, ಬಾಳೆಯೆಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ. ಪೊಟ್ಟಣ ಬಿಚ್ಚಿಸಿದರು. ಒಳಗೆ ಹಯಗ್ರೀವ ಇತ್ತು. ಮನೆಯಲ್ಲಿದ್ದ ತಂಗಿಗೆಂದು ಕಟ್ಟಿಕೊಂಡಿದ್ದ. ಆ ಹುಡುಗ ಒಂದು ಮಾತನ್ನೂ ಆಡಲಿಲ್ಲ. ಪೊಟ್ಟಣವನ್ನು ಅಲ್ಲಿಯೇ ಬಿಟ್ಟು ಹೋದ. ಆ ದಿವಸ ಪಂಕ್ತಿಯಲ್ಲಿ ನಾಲ್ವತ್ತಕ್ಕೂ ಹೆಚ್ಚು ಜನ ಉಂಡಿದ್ದರು, ಅವರೆಲ್ಲರ ಬಳಿಯೂ ಚೀಲಗಳಿದ್ದವು. ಬೇರೊಂದು ಚೀಲವನ್ನು ಯಾರೂ ಬಿಚ್ಚಿಸಲಿಲ್ಲ. ನಾವು ಅಲ್ಲಿಯೇ ನಿಂತಿದ್ದೆವು. ಬಾಯಿ ತೆರೆಯಲಿಲ್ಲ.

ಅಂದು ರಾತ್ರಿ ಕಟ್ಟೆಯ ಮೇಲೆ ಎಲ್ಲರೂ ಕುಳಿತು ವಿಚಾರ ನಡೆಸಿದರು. ಮಕ್ಕಳ ವಸ್ತು ಕಳೆದಾಗ ಪೊಲೀಸರ ತನಕ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಬಂದರೆ ನಮ್ಮವರಲ್ಲಿ ಎಷ್ಟು ತರಹದ ಮಾತುಗಳು ಹೊರಡುತ್ತವೆ ಎಂಬುದು ಆ ರಾತ್ರಿ ತಿಳಿಯಿತು. ಒಬ್ಬರು, ತಡ ಮಾಡಬೇಡಿರಿ, ಹುಡುಗನ ಹೆಸರು ಬರೆದು ಕೊಡಿರಿ, ಠಾಣೆಯಲ್ಲಿ ಎರಡು ಏಟು ಬಿದ್ದರೆ ತಾನೇ ಹೇಳುತ್ತಾನೆ ಎಂದರು. ಇನ್ನೊಬ್ಬರು, ಬೇಡವೇ ಬೇಡ, ಆರಾಧನೆಯಲ್ಲಿ ಕಳವು ಎಂದು ಗದಗಿನ ತನಕ ಸುದ್ದಿಯಾಗುತ್ತದೆ, ಹತ್ತು ಸಾವಿರಕ್ಕಾಗಿ ಗುಡಿಯ ಮಾನ ಕಳೆಯಬೇಕೇ ಎಂದರು. ಮೂರನೆಯವರು ಅಂಜನ ಹಾಕಿಸೋಣ ಎಂದರು. ನಾಲ್ಕನೆಯವರು, ಹುಡುಗನನ್ನು ಕರೆಯಿಸಿ ದೇವರ ಮುಂದೆ ಆಣೆ ಮಾಡಿಸಿರಿ ಎಂದರು. ಹುಡುಗಿಯ ತಾಯಿ ಮಾತ್ರ, ಕಾರ್ತವೀರ್ಯಾರ್ಜುನನನ್ನು ನೆನೆಯುತ್ತಿದ್ದೇನೆ, ಸಿಕ್ಕೇ ಸಿಗುತ್ತದೆ ಎನ್ನುತ್ತಿದ್ದರು.

ಕಳೆದ ವಸ್ತುವಿಗಾಗಿ ಕಾರ್ತವೀರ್ಯನನ್ನು ಸ್ಮರಿಸುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ರೂಢಿ. ಅದನ್ನು ಬೇಡವೆನ್ನುವವರು ನಾವಲ್ಲ. ಆದರೆ ಅದೇ ಕಾರ್ತವೀರ್ಯನು ಕೊನೆಗೆ ಜಮದಗ್ನಿಗಳ ಆಶ್ರಮದ ಧೇನುವನ್ನು ಬಲಾತ್ಕಾರದಿಂದ ಒಯ್ದು ಪರಶುರಾಮದೇವರ ಕೊಡಲಿಗೆ ಸಿಕ್ಕಿದನೆಂಬುದನ್ನೂ ಸ್ಮರಿಸುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇನ್ನು ಅಂಜನ ಹಾಕಿಸುವ ಮಾತು. ಅಂಜನ ನೋಡುವವನಿಗೆ ಊರಿನವರು ಯಾರನ್ನು ಸಂಶಯಿಸುತ್ತಾರೆಂಬುದು ಅಂಜನಕ್ಕಿಂತ ಮೊದಲೇ ಕಂಡಿರುತ್ತದೆ. ಆಣೆ ಮಾಡಿಸುವುದೂ ಹಾಗೆಯೇ. ಹದಿಮೂರು ವರ್ಷದ ಹುಡುಗನನ್ನು ನಾಲ್ಕು ಜನ ದೊಡ್ಡವರು ಸುತ್ತುಗಟ್ಟಿ ನಿಂತು ಕರ್ಪೂರ ಆರಿಸು ಎಂದರೆ, ಅವನ ಕೈ ನಡುಗಿದ್ದು ಭಯದಿಂದಲೋ ಪಾಪದಿಂದಲೋ ಎಂದು ಹೇಳುವವರಾರು?

ನಮ್ಮ ತೀರ್ಥರೂಪರು ಆ ವರೆಗೆ ಸುಮ್ಮನೆ ಕುಳಿತಿದ್ದವರು ಕಡೆಗೆ ಒಂದು ಮಾತು ಹೇಳಿದರು: "ಫೋನ್ ಕಳದದ್ದು ಹೋಗಿ ಹೇಳ್ರಿ. ಹುಡುಗನ ಹೆಸರು ಹೇಳಬ್ಯಾಡ್ರಿ. ಎರಡೂ ಬ್ಯಾರೆ ಬ್ಯಾರೆ." ಅಷ್ಟು ಹೇಳಿ ಎದ್ದು ಮಲಗಲು ಹೋದರು. ನಲವತ್ತು ವರ್ಷ ಅರ್ಚಕತನ ಮಾಡಿದವರು. ವಿಸ್ತಾರವಾಗಿ ಮಾತಾಡುವ ಅಭ್ಯಾಸ ಅವರಿಗಿಲ್ಲ. ಪಾಠಶಾಲೆಯಲ್ಲಿ ಕಲಿತು ಮೇಲೆ ಬಿ.ಎ. ಪದವಿಯನ್ನೂ ಪಡೆದ ನಮಗೆ ಆ ಮಾತಿನ ಅರ್ಥ ಪೂರ್ತಿ ತಿಳಿಯುವುದಕ್ಕೆ ಒಂದು ವರ್ಷ ಹಿಡಿಯಿತು. ವಸ್ತು ಕಳೆದುದನ್ನು ರಾಜದ್ವಾರದಲ್ಲಿ ನಿವೇದಿಸುವುದು ಒಂದು ಕೆಲಸ. ಒಬ್ಬನನ್ನು ಕಳ್ಳನೆನ್ನುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ವಸ್ತು ಇಲ್ಲವೆಂಬ ಪ್ರತ್ಯಕ್ಷವೊಂದೇ ಸಾಕು. ಎರಡನೆಯದಕ್ಕೆ ಪ್ರಮಾಣ ಬೇಕು. ಪ್ರತ್ಯಕ್ಷ, ಅನುಮಾನ, ಆಗಮಗಳೆಂದು ಪ್ರಮಾಣತ್ರಯವನ್ನು ಬಾಲ್ಯದಿಂದ ಕೇಳಿದ ನಾವು, "ಪಡಸಾಲಿ ಕಡೆ ಬಂದಿದ್ನಲಾ" ಎಂಬುದನ್ನು ಯಾವ ಪ್ರಮಾಣದಲ್ಲಿ ಸೇರಿಸಿದೆವೋ ಶ್ರೀಹರಿಯೇ ಬಲ್ಲ. ನಿರ್ದೋಷವಾದ ಯುಕ್ತಿಗೆ ಮಾತ್ರ ಅನುಮಾನವೆಂದು ಹೆಸರು.

ಪೊಲೀಸರ ಬಳಿಗೆ ಹೋಗುವುದು ಸಜ್ಜನರಿಗೆ ಸಲ್ಲದ ಕೆಲಸವೆಂದು ತಿಳಿದವರು ಬಹಳ ಜನ ಇದ್ದಾರೆ. ಅವರು ಶ್ರೀಮದಾಚಾರ್ಯರ ಚರಿತ್ರೆಯನ್ನು ಒಮ್ಮೆ ನೋಡಬೇಕು. ಶ್ರೀಮದಾಚಾರ್ಯರ ಗ್ರಂಥಭಂಡಾರವು ಕಳವಾದ ಪ್ರಸಂಗವನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ತ್ರಿವಿಕ್ರಮ ಪಂಡಿತರ ಸಹೋದರರಾದ ಶಂಕರ ಪಂಡಿತರ ವಶದಲ್ಲಿದ್ದ ಆ ಗ್ರಂಥಗಳನ್ನು ವಿರೋಧಿಗಳ ಪಾಳೆಯದವರು ಅಪಹರಿಸಿದರು. ಕಾಸರಗೋಡಿನ ಕಡೆಯ ಕುಂಬಳೆಯ ಅರಸನಾದ ಜಯಸಿಂಹನು ನಡುವೆ ಬಂದ ಮೇಲೆಯೇ ಅವು ಮರಳಿದುದು. ಎಲ್ಲವನ್ನೂ ಬಲ್ಲವರಾದ, ಎಲ್ಲವನ್ನೂ ಮತ್ತೆ ಹೇಳಿ ಬರೆಯಿಸಬಲ್ಲವರಾದ ಆಚಾರ್ಯರು ಕೂಡ, ಹೋದರೆ ಹೋಯಿತೆಂದು ಬಿಡಲಿಲ್ಲ. ಶಿಷ್ಯರನ್ನು ಕಳ್ಳರ ಮನೆಗೆ ನುಗ್ಗಿಸಲೂ ಇಲ್ಲ. ಅರಸನ ಮೂಲಕ ಬರಬೇಕಾದುದು ಅರಸನ ಮೂಲಕ ಬಂದಿತು. ಅದೇ ಯಾತ್ರೆಯ ಮುಂದಿನ ಫಲವಾಗಿ ತ್ರಿವಿಕ್ರಮ ಪಂಡಿತಾಚಾರ್ಯರು ವಾದದಲ್ಲಿ ಸೋತು ಆಚಾರ್ಯರ ಶಿಷ್ಯರಾದರೆಂಬುದು ನಿಮಗೆಲ್ಲ ತಿಳಿದ ಸಂಗತಿ.

ಧರ್ಮಶಾಸ್ತ್ರವೂ ಇದನ್ನೇ ಹೇಳುತ್ತದೆ. ಕಳವಾದ ವಸ್ತುವನ್ನು ಹುಡುಕಿ ಒಡೆಯನಿಗೆ ಮುಟ್ಟಿಸುವುದು ರಾಜನ ಕರ್ತವ್ಯವೆಂದು ಸ್ಮೃತಿಕಾರರ ನಿರ್ಣಯ. ಕಪ್ಪ ತೆಗೆದುಕೊಳ್ಳುವವನು ಕಾಯಬೇಕು ಎಂಬ ಸರಳ ಲೆಕ್ಕ ಅದು. ಆದುದರಿಂದ ಠಾಣೆಗೆ ಹೋಗಿ ಹೇಳುವುದು ಬೇಡುವುದಲ್ಲ, ಹಗೆ ಸಾಧಿಸುವುದೂ ಅಲ್ಲ.

ನಮ್ಮ ಊರಿಗೂ ಈ ವಿಷಯದಲ್ಲಿ ಹಳೆಯ ನೆನಪಿದೆ. ಕ್ರಿ.ಶ. 1012ರಲ್ಲಿ, ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಉಮ್ಮಚಿಗೆಯೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಲ್ಲಿ ಹಾಕಿಸಿದ ಕನ್ನಡ ಶಾಸನವೊಂದಿದೆ. ವಿದ್ಯಾದಾನಕ್ಕೆ ಭೂಮಿ ಬಿಟ್ಟದ್ದನ್ನು ಹೇಳುವ ಅದೇ ಶಾಸನವು ಊರೊಳಗಿನ ಅಪರಾಧಗಳಿಗೆ ದಂಡವನ್ನೂ ಗೊತ್ತುಮಾಡುತ್ತದೆ. ಬೈದವನಿಗೆ ಸಣ್ಣ ದಂಡ, ಹೊಡೆದವನಿಗೆ ಅದಕ್ಕಿಂತ ಹೆಚ್ಚು, ಕಠಾರಿಯನ್ನು ಹಿರಿದವನಿಗೆ ಇನ್ನೂ ಹೆಚ್ಚು, ಇರಿದವನಿಗೆ ಮತ್ತೂ ಹೆಚ್ಚು. ಸಾವಿರ ವರ್ಷದ ಹಿಂದೆ ನಮ್ಮ ಊರಿನ ಹಿರಿಯರಿಗೆ ತಿಳಿದಿದ್ದ ಒಂದು ಸಂಗತಿ ನಮಗೆ ಆ ಮಧ್ಯಾಹ್ನ ಮರೆತಿತ್ತು: ಬೈದದ್ದೂ ಒಂದು ಅಪರಾಧವೇ, ಅದಕ್ಕೂ ದಂಡವಿದೆ. ಆ ಲೆಕ್ಕದಲ್ಲಿ ಅಂದು ದಂಡ ಕೊಡಬೇಕಾದವರು ಯಾರೆಂಬುದು ಸ್ಪಷ್ಟ.

ಇಲ್ಲಿ ಮಾಂಡವ್ಯರ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಮಹಾಭಾರತದ ಆದಿಪರ್ವದಲ್ಲಿ ಬರುವ ಕಥೆ. ಮಾಂಡವ್ಯರೆಂಬ ಮಹರ್ಷಿಗಳು ಆಶ್ರಮದ ಬಾಗಿಲಲ್ಲಿ, ಮರದ ಕೆಳಗೆ, ಕೈಯೆತ್ತಿ ಮೌನವ್ರತದಲ್ಲಿ ನಿಂತಿದ್ದರು. ಕಳವು ಮಾಡಿದ ದಸ್ಯುಗಳು ರಾಜಭಟರು ಬೆನ್ನಟ್ಟಿ ಬರಲು, ಕದ್ದ ವಸ್ತುಗಳನ್ನು ಆ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿದರು. ಭಟರು ಬಂದು, ಕಳ್ಳರು ಯಾವ ದಿಕ್ಕಿಗೆ ಹೋದರೆಂದು ಋಷಿಗಳನ್ನು ಕೇಳಿದರು. ಋಷಿಗಳು ಮಾತಾಡಲಿಲ್ಲ. ಭಟರು ಒಳಗೆ ಹೊಕ್ಕು ನೋಡಿದರೆ ವಸ್ತುವೂ ಇದೆ, ಕಳ್ಳರೂ ಇದ್ದಾರೆ. ಮೌನವೇ ಒಪ್ಪಿಗೆಯಾಯಿತು. ಅರಸನು ವಿಚಾರಿಸದೆ ಅವರನ್ನೂ ಕಳ್ಳರ ಜೊತೆಗೆ ಶೂಲಕ್ಕೆ ಏರಿಸಿದನು. ತಪೋಬಲದಿಂದ ಪ್ರಾಣ ಉಳಿಯಿತು. ಅರಸನು ತಪ್ಪನ್ನು ತಿಳಿದು ಬಂದು ಕಾಲಿಗೆ ಬಿದ್ದು ಶೂಲವನ್ನು ಕೀಳಿಸಹೋದರೆ, ಅದು ಬರಲಿಲ್ಲ. ಕತ್ತರಿಸಿ ತೆಗೆಯಬೇಕಾಯಿತು; ತುದಿ ಒಳಗೇ ಉಳಿಯಿತು. ಆದುದರಿಂದಲೇ ಅವರು ಆಣಿಮಾಂಡವ್ಯರಾದರು. ಅರಸನ ಕ್ಷಮಾಪಣೆಯನ್ನು ಋಷಿಗಳು ಒಪ್ಪಿದರು, ಆದರೆ ಆಣಿ ಮಾತ್ರ ಮೈಯಲ್ಲೇ ಇತ್ತು ಎಂಬುದನ್ನು ಕಥೆ ಹೇಳುವವರು ಬಹುಶಃ ಅವಸರದಲ್ಲಿ ದಾಟಿಬಿಡುತ್ತಾರೆ. ನಾವೂ ಎಷ್ಟೋ ಸಲ ಹಾಗೆ ದಾಟಿದ್ದುಂಟು.

ಕಥೆಯ ಉತ್ತರಾರ್ಧ ಇನ್ನೂ ಮುಖ್ಯವಾದುದು. ಋಷಿಗಳು ಯಮಧರ್ಮನ ಸಭೆಗೆ ಹೋಗಿ, ಯಾವ ಪಾಪಕ್ಕೆ ಈ ಫಲವೆಂದು ಕೇಳಿದರು. ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿಯನ್ನು ಚುಚ್ಚಿದ್ದಕ್ಕೆ ಎಂದು ಉತ್ತರ ಬಂದಿತು. ಅಷ್ಟು ಸಣ್ಣ ವಯಸ್ಸಿನ ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡವೇ ಎಂದು ಕನಲಿ, ಧರ್ಮನಿಗೇ ಶಾಪ ಕೊಟ್ಟರು; ಆತನು ವಿದುರನಾಗಿ ಹುಟ್ಟಿದನು. ಅಂದಿನಿಂದ ಒಂದು ಮರ್ಯಾದೆಯನ್ನೂ ಸ್ಥಾಪಿಸಿದರು: ಹದಿನಾಲ್ಕು ವರ್ಷ ತುಂಬುವ ವರೆಗೆ ಮಾಡಿದ್ದು ಪಾತಕವೆನಿಸದು. ನಮ್ಮ ಅಂಗಳದ ಹುಡುಗನಿಗೆ ಹದಿಮೂರು ವಯಸ್ಸೆಂದು ಮೇಲೆ ಹೇಳಿದ್ದೇವೆ.

ಇಂದಿನ ರಾಜಶಾಸನವೂ ಈ ಮರ್ಯಾದೆಗೆ ಬಹಳ ದೂರವಿಲ್ಲ ಎಂಬುದನ್ನು ನಾವು ಆಮೇಲೆ ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆವು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಏಳರಿಂದ ಹನ್ನೆರಡರ ಒಳಗಿನ ಮಗುವಿಗೆ ತಿಳಿವಳಿಕೆ ಬಲಿತಿರದಿದ್ದರೆ ಅದೂ ಅಪರಾಧವಲ್ಲ. ಹದಿನೆಂಟರ ಒಳಗಿನವರೆಲ್ಲ 2015ರ ಬಾಲನ್ಯಾಯ ಕಾಯಿದೆಗೆ ಸೇರುತ್ತಾರೆ. ಸಾಮಾನ್ಯ ಕಳ್ಳತನಕ್ಕೆ ಇರುವ ಶಿಕ್ಷೆ ಮೂರು ವರ್ಷದ ವರೆಗಿನದಾದ್ದರಿಂದ, ಮಕ್ಕಳ ವಿಷಯದಲ್ಲಿ ಅದು ಸಣ್ಣ ಅಪರಾಧಗಳ ಗುಂಪಿಗೆ ಬರುತ್ತದೆ. ಅಂಥದರಲ್ಲಿ ಮಗುವಿನ ಮೇಲೆ ಎಫ್‌ಐಆರ್ ಹಾಕುವ ಪದ್ಧತಿಯಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆಯ ಸ್ಥಿತಿಗತಿಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸಬೇಕು. ಬೇಡಿ ತೊಡಿಸಕೂಡದು, ಲಾಕಪ್ಪಿನಲ್ಲಿ ಇಡಕೂಡದು. ಮಂಡಳಿಯು ಬುದ್ಧಿ ಹೇಳಿ ಮನೆಗೆ ಕಳಿಸಬಹುದು. ಮುಂದೆ ಅವನ ನೌಕರಿಗೆ ಆ ಹಳೆಯ ಸಂಗತಿ ಅಡ್ಡಬರಕೂಡದೆಂದೂ ಕಾಯಿದೆಯಲ್ಲಿಯೇ ಇದೆ. "ಎರಡು ಏಟು ಬಿದ್ದರೆ ಹೇಳುತ್ತಾನೆ" ಎಂದವರ ಅಪೇಕ್ಷೆಗೆ ಕಾನೂನಿನಲ್ಲಿ ಎಲ್ಲಿಯೂ ಎಡೆಯಿಲ್ಲ. ಕಂಬಕ್ಕೆ ಕಟ್ಟಿ ತಾವೇ ಕೈಮಾಡುವವರಂತೂ ಕಳ್ಳನಿಗಿಂತ ಮೊದಲು ಒಳಗೆ ಹೋಗಬೇಕಾದವರು.

ಮಾರನೆಯ ದಿವಸ ಹುಡುಗಿಯ ತಂದೆ, ಅವಳ ಕಾಕಾ ಮತ್ತು ನಾವು, ಮೂವರೂ ಠಾಣೆಗೆ ಹೋದೆವು. ಯಾರ ಮೇಲೆ ಸಂಶಯವಿದೆಯೆಂದು ಕೇಳಿದರು. ಕಾಕಾನವರ ಬಾಯಿ ತೆರೆಯಿತು. ಅವಳ ತಂದೆ ಅವರ ಕೈ ಹಿಡಿದು, "ನಾವು ಯಾರನ್ನೂ ಕಂಡಿಲ್ರಿ" ಎಂದರು. ಹಾಗೆಯೇ ಬರೆದು ಕೊಟ್ಟೆವು. ಹೋಗುವ ಮುಂಚೆ ನಮಗೆ ಇದ್ದ ಭಯ, ಬಂದ ಮೇಲೆ ಅರ್ಧವೂ ಉಳಿಯಲಿಲ್ಲ. ಇಂಥ ಸಂದರ್ಭದಲ್ಲಿ ಏನು ಮಾಡತಕ್ಕದ್ದೆಂಬುದನ್ನು ನಾವು ಅನುಭವದಿಂದ ಕಲಿತಷ್ಟು ಇಲ್ಲಿ ಹೇಳಿಬಿಡುತ್ತೇವೆ. ಮೊದಲು ಆ ನಂಬರಿನ ಸಿಮ್ಮನ್ನು ಕಂಪನಿಗೆ ಹೇಳಿ ನಿಲ್ಲಿಸಬೇಕು. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ ಆದ್ದರಿಂದ ಇದರಲ್ಲಿ ಒಂದು ತಾಸೂ ತಡಮಾಡಕೂಡದು. ಹಣ ಹೋಗಿದ್ದು ಕಂಡರೆ 1930ಕ್ಕೆ ಕೂಡಲೆ ಹೇಳಬೇಕು. ಹೆಣ್ಣುಮಗಳ ಫೋನಾದರೆ ಅದರಲ್ಲಿರುವ ಭಾವಚಿತ್ರಗಳ ಚಿಂತೆಯೂ ಇರುತ್ತದೆ. ಠಾಣೆಗೆ ಹೋಗಲು ಹಿಂಜರಿಯುವವರು ಇದೊಂದನ್ನಾದರೂ ಆಲೋಚಿಸಬೇಕು. ಬಳಿಕ ದೂರು. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ ಹದಿನೈದು ಅಂಕೆಗಳ ಸಂಖ್ಯೆಯಿರುತ್ತದೆ, ಎರಡು ಸಿಮ್ಮಿನದಾದರೆ ಎರಡು. ಫೋನಿನ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಫೋನು ಕೈಯಲ್ಲಿರುವಾಗಲೇ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೂ ತೋರುತ್ತದೆ. ದೂರಿನ ಪ್ರತಿ ಮತ್ತು ಆ ಸಂಖ್ಯೆಯನ್ನು ಸಿಇಐಆರ್ ಎಂಬ ಕೇಂದ್ರ ಸರಕಾರದ ದಾಖಲೆಯಲ್ಲಿ ಸೇರಿಸಿದರೆ ಆ ಫೋನು ದೇಶದ ಯಾವ ಕಂಪನಿಯ ಸಿಮ್ಮಿಗೂ ಕೆಲಸ ಮಾಡದು, ಯಾರಾದರೂ ಸಿಮ್ಮು ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. 2023ರ ಮೇ ತಿಂಗಳಿಂದ ಇದು ಇಡೀ ದೇಶಕ್ಕೆ ಬಂದಿದೆ. ನಮ್ಮ ಗೃಹಸ್ಥರು ಡಬ್ಬಿಯನ್ನು ಎಸೆದಿರಲಿಲ್ಲ. ಅದರಲ್ಲಿ ಗೋಪೀಚಂದನ, ಅಕ್ಷತೆ ಇಟ್ಟಿದ್ದರು. ಅದೇ ಉಪಯೋಗಕ್ಕೆ ಬಂದಿತು.

ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಾದರೆ ಹೊಸ ಸಂಹಿತೆಯಲ್ಲಿ ಇನ್ನೊಂದು ಏರ್ಪಾಡಿದೆ. ಮೊದಲ ಸಲ ತಪ್ಪಿದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಅವನಿಗೆ ಸೆರೆಮನೆಯಿಲ್ಲ, ಸಮುದಾಯಸೇವೆಯೇ ದಂಡ. ಇದನ್ನು ಓದಿದಾಗ ನಮಗೆ ಶಂಖಲಿಖಿತರ ನೆನಪಾಯಿತು. ಉಪನ್ಯಾಸದ ದಿವಸ ಹಿಂದೆ ಕುಳಿತಿದ್ದ ಒಬ್ಬ ಹೆಣ್ಣುಮಗಳು, "ಆಚಾರ್ರ, ಕದ್ದಾಂವ ನಮ್ಮ ಹುಡುಗನ ಆಗಿದ್ರ ಏನ್ ಮಾಡಬೇಕ್ರಿ?" ಎಂದು ಕೇಳಿದ್ದಕ್ಕೆ ನಾವು ಆ ಕಥೆಯನ್ನೇ ಹೇಳಿದೆವು.

ಶಂಖ, ಲಿಖಿತ ಎಂಬಿಬ್ಬರು ಸಹೋದರರು ಬಾಹುದಾ ನದಿಯ ತೀರದಲ್ಲಿ ಬೇರೆ ಬೇರೆ ಆಶ್ರಮಗಳಲ್ಲಿ ಇದ್ದರು. ಒಮ್ಮೆ ಅಣ್ಣನಿಲ್ಲದಾಗ ತಮ್ಮನಾದ ಲಿಖಿತನು ಅವನ ಆಶ್ರಮಕ್ಕೆ ಬಂದು ಮರದ ಹಣ್ಣುಗಳನ್ನು ಕಿತ್ತು ತಿನ್ನುತ್ತ ಕುಳಿತನು. ಶಂಖನು ಬಂದು, ಹಣ್ಣು ಎಲ್ಲಿಯದೆಂದು ಕೇಳಿದನು. ತಮ್ಮನು ನಗುತ್ತ, ಇಲ್ಲಿಯದೇ ಎಂದನು. ನಾವು ನೀವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಯ ಹಣ್ಣು, ಮನೆಯ ತಮ್ಮ. ಶಂಖನು ಹಾಗೆನ್ನಲಿಲ್ಲ. ಕೇಳದೆ ತೆಗೆದುಕೊಂಡದ್ದು ಕಳವು, ಅರಸನ ಬಳಿಗೆ ಹೋಗಿ ನೀನೇ ಹೇಳಿ ದಂಡವನ್ನು ಕೇಳಿಕೋ ಎಂದು ಕಳಿಸಿದನು. ಸುದ್ಯುಮ್ನ ಮಹಾರಾಜನು ಲಿಖಿತನನ್ನು ನಡೆದು ಬಂದು ಎದುರುಗೊಂಡು, ದಂಡಿಸುವ ಅಧಿಕಾರವಿದ್ದವನಿಗೆ ಮನ್ನಿಸುವ ಅಧಿಕಾರವೂ ಇದೆ, ಮನ್ನಿಸಿದ್ದೇನೆ ಎಂದನು. ಲಿಖಿತನು ಒಪ್ಪದೆ ದಂಡವನ್ನೇ ಬೇಡಿದನು. ಆ ಕಾಲದ ದಂಡ ಘೋರವಾದುದು, ಕೈಗಳು ಹೋದವು. ಅಣ್ಣನ ಬಳಿಗೆ ಬಂದು ಕ್ಷಮೆ ಕೇಳಿದಾಗ ಶಂಖನು, ನನಗೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲವೆಂದನು. ನದಿಯಲ್ಲಿ ಮಿಂದು ತರ್ಪಣ ಕೊಡು ಎಂದನು. ಮಿಂದಾಗ ಕೈಗಳು ತಾವರೆಯಂತೆ ಮರಳಿ ಬಂದವು. ಇಷ್ಟು ಶಕ್ತಿಯಿದ್ದವನು ಮೊದಲೇ ಏಕೆ ನನ್ನನ್ನು ಶುದ್ಧಮಾಡಲಿಲ್ಲವೆಂದು ತಮ್ಮನು ಕೇಳಲು, ನಿನ್ನನ್ನು ದಂಡಿಸತಕ್ಕವನು ನಾನಲ್ಲ, ಅರಸ ಎಂದು ಅಣ್ಣನು ಹೇಳಿದನು. ಇದನ್ನು ಧರ್ಮರಾಜನಿಗೆ ಹೇಳಿದವರು ಭಗವಾನ್ ವೇದವ್ಯಾಸದೇವರೇ.

ಈ ಕಥೆಯಲ್ಲಿ ಕೈ ಕಡಿದದ್ದನ್ನಷ್ಟೇ ಹಿಡಿದುಕೊಂಡು ಮಕ್ಕಳಿಗೆ ಬರೆ ಹಾಕುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಅವರು ಕಥೆಯನ್ನು ಕೇಳಿಯೇ ಇಲ್ಲವೆನ್ನಬೇಕು. ಶಂಖನು ತಮ್ಮನ ಮೇಲೆ ಕೈಮಾಡಲಿಲ್ಲ, ನಾಲ್ಕು ಜನರ ಎದುರಿಗೆ ಅವನ ಮಾನ ತೆಗೆಯಲಿಲ್ಲ, ಮುಚ್ಚಿಡಲೂ ಇಲ್ಲ. ತಪ್ಪನ್ನು ತಪ್ಪು ಮಾಡಿದವನ ಬಾಯಿಂದಲೇ ಹೇಳಿಸಿದನು, ತೀರ್ಮಾನವನ್ನು ಅಧಿಕಾರವಿದ್ದವರಿಗೆ ಬಿಟ್ಟನು, ಮರಳಿ ಬಂದವನನ್ನು ಒಳಗೆ ಕರೆದುಕೊಂಡನು. ಆ ತಾಯಿಗೆ ನಾವು ಹೇಳಿದ್ದು ಇಷ್ಟು: ನಿಮ್ಮ ಮಗನ ಚೀಲದಲ್ಲಿ ಬೇರೆಯವರ ಫೋನು ಕಂಡರೆ ರಾತ್ರಿ ಯಾರಿಗೂ ತಿಳಿಯದಂತೆ ಅವರ ಅಂಗಳದಲ್ಲಿ ಇಟ್ಟು ಬರಬೇಡಿರಿ, ಅವನ ಕೈಯಲ್ಲಿ ಫೋನು ಕೊಟ್ಟು, ನೀವು ಜೊತೆಗೆ ನಡೆದು, ಅವನಿಂದಲೇ ಕೊಡಿಸಿರಿ. ಅವರು ದೂರು ಕೊಟ್ಟಾಗಿದ್ದರೆ ಠಾಣೆಗೂ ನೀವೇ ಕರೆದೊಯ್ಯಿರಿ. ಆ ಹೆಣ್ಣುಮಗಳು ತಲೆಯಾಡಿಸಿದರು; ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಹೇಳುವುದು ಸುಲಭವೆಂಬುದು ನಮಗೂ ಗೊತ್ತು.

ಸುಳ್ಳು ಅಪವಾದದ ಮಾತು ಬಂದಾಗ ಶ್ಯಮಂತಕದ ಕಥೆಯನ್ನು ಪ್ರತಿ ಭಾದ್ರಪದ ಚೌತಿಗೂ ಹೇಳುತ್ತೇವೆ, ಚಂದ್ರನನ್ನು ನೋಡಿದ ದೋಷಕ್ಕೆ ಎಂದು. ಕಥೆಯಲ್ಲಿ ನಮಗೆ ಬೇಕಾದ ಭಾಗ ಬೇರೆ. ಪ್ರಸೇನನು ಮಣಿಯೊಡನೆ ಕಾಣದಾದಾಗ ಸತ್ರಾಜಿತನು, ಕೃಷ್ಣನೇ ಕೊಂದು ತೆಗೆದುಕೊಂಡಿರಬೇಕು ಎಂದನು. ಅವನೂ ಕಂಡವನಲ್ಲ, ಮೊದಲು ಕೇಳಿದ್ದರಲ್ಲಾ ಎಂಬುದಷ್ಟೇ ಅವನ ಯುಕ್ತಿ. ಭಗವಂತನು ಪಟ್ಟಣಿಗರನ್ನು ಸಾಕ್ಷಿಗೆ ಕರೆದುಕೊಂಡು ಹೆಜ್ಜೆಯ ಜಾಡು ಹಿಡಿದು ಕಾಡಿಗೆ ಹೋದನು: ಪ್ರಸೇನನ ದೇಹ, ಸಿಂಹದ ದೇಹ, ಜಾಂಬವಂತನ ಗುಹೆ. ಮಣಿಯನ್ನು ತಂದು ರಾಜಸಭೆಯಲ್ಲಿಯೇ, ನಡೆದುದನ್ನೆಲ್ಲ ಹೇಳಿ ಕೊಟ್ಟನು. ಸರ್ವಜ್ಞನೇ ಜಾಡು ಹಿಡಿದು ಹುಡುಕಿದ ಮೇಲೆ, ನಮ್ಮಂಥವರು ಕಟ್ಟೆಯ ಮೇಲೆ ಕುಳಿತು ಕಳ್ಳನನ್ನು ಕಂಡುಹಿಡಿಯುವುದು ಎಂಥ ಸಾಹಸ! ಸತ್ರಾಜಿತನಾದರೂ ನಾಚಿ, ಮಗಳನ್ನು ಕೊಟ್ಟು ತಪ್ಪನ್ನು ತಿದ್ದಿಕೊಂಡನು.

ಕಾರ್ತಿಕಮಾಸದಲ್ಲಿ ಠಾಣೆಯಿಂದ ಕರೆ ಬಂದಿತು. ಫೋನು ಬೇರೆ ಜಿಲ್ಲೆಯಲ್ಲಿ ಸಿಕ್ಕಿತ್ತು. ಸಂತೆಯಲ್ಲಿ ಅಪರಿಚಿತನೊಬ್ಬನಿಂದ ರಸೀದಿಯಿಲ್ಲದೆ ಅಗ್ಗಕ್ಕೆ ಕೊಂಡವನು ತನ್ನ ಸಿಮ್ಮು ಹಾಕಿ ನೋಡಿದ್ದ. ಕದ್ದ ಮಾಲೆಂದು ತಿಳಿದು ಕೊಳ್ಳುವುದೂ ಅಪರಾಧವೇ. ಅಗ್ಗವೆಂದು ರಸೀದಿಯಿಲ್ಲದ ಫೋನು ಕೊಳ್ಳುವ ನಮ್ಮ ಹುಡುಗರು ಇದನ್ನು ತಿಳಿದಿರಲಿ. ಮಾರಿದವನು ಯಾರೆಂಬುದು ಈ ವರೆಗೂ ತಿಳಿದಿಲ್ಲ. ಪಂಕ್ತಿಯಲ್ಲಿ ಉಂಡ ನಾಲ್ವತ್ತು ಜನರಲ್ಲಿ ಒಬ್ಬನಿರಬಹುದು, ದಾರಿಹೋಕನಿರಬಹುದು. ಫೋನಿನೊಳಗಿನದನ್ನೆಲ್ಲ ಅಳಿಸಿದ್ದರು. ಅಜ್ಜಿಯ ಹಾಡುಗಳಲ್ಲಿ ಹಿಂದೊಮ್ಮೆ ಪುಣೆಯ ಅತ್ತೆಗೆ ಕಳಿಸಿದ್ದ ಒಂದು ಆರತಿಯ ಹಾಡು ಮಾತ್ರ ಅವರ ಬಳಿ ಉಳಿದಿತ್ತು. ಅದನ್ನು ತರಿಸಿಕೊಂಡು ಹುಡುಗಿ ಈಗ ಬರೆದುಕೊಂಡು ಬಾಯಿಪಾಠ ಮಾಡಿದ್ದಾಳೆ.

ಹುಡುಗ ಮಾತ್ರ ಆ ದಿವಸದಿಂದ ಗುಡಿಯ ಕಡೆಗೆ ಬರಲಿಲ್ಲ. ನವರಾತ್ರಿಗೆ ಬರಲಿಲ್ಲ, ಕಾರ್ತಿಕದ ದೀಪಕ್ಕೆ ಬರಲಿಲ್ಲ. ಫೋನು ಸಿಕ್ಕ ಮೇಲೆ ಹುಡುಗಿಯ ತಂದೆ ಮತ್ತು ನಾವು ಅವನ ಮನೆಗೆ ಹೋದೆವು. ಸಿಗುವ ತನಕ ಏಕೆ ಕಾಯ್ದೆವೆಂದು ನಮ್ಮ ತೀರ್ಥರೂಪರು ಕೇಳಿದ್ದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಸಿಗದಿದ್ದರೆ ಹೋಗುತ್ತಿದ್ದೆವೋ ಇಲ್ಲವೋ ಎಂಬುದನ್ನು ಇಂದಿಗೂ ಧೈರ್ಯವಾಗಿ ಹೇಳಲಾರೆವು. ಅವನ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮದು ತಪ್ಪಾಯಿತೆಂದು ಹೇಳಿದೆವು. "ಇರ್ಲಿ ಬಿಡ್ರಿ ಆಚಾರ್ರ, ಆಗಿದ್ದಾತು" ಎಂದಳು. ಮೊರದಿಂದ ಕಣ್ಣು ಎತ್ತಲಿಲ್ಲ. ಹುಡುಗನು ನಮ್ಮನ್ನು ನೋಡಿ ಆಡಿಗೆ ಸೊಪ್ಪು ಹಾಕುವ ನೆಪದಿಂದ ಹಿತ್ತಿಲಿಗೆ ಹೋದ. ಬಹಳ ಹೊತ್ತು ಕುಳಿತೆವು. ಹೊರಗೆ ಬರಲಿಲ್ಲ.

ಈ ವರ್ಷದ ಆರಾಧನೆಗೆ ಪಡಸಾಲೆಯಲ್ಲಿ ಒಂದು ಬೀಗದ ಕಪಾಟು ಇರಿಸಿದ್ದೆವು. ಬಂದವರೆಲ್ಲರ ಫೋನುಗಳನ್ನು ಚೀಟಿ ಕೊಟ್ಟು ಅದರಲ್ಲಿ ಇಡಿಸಲಾಯಿತು, ಹಿರಿಯರದ್ದೂ ಕೂಡ. ಅವನ ಮನೆಗೆ ಹೋಗಿ ಕರೆದು ಬಂದಿದ್ದೆವು. ಪೂರ್ವಾರಾಧನೆಗೆ ಯಾರೂ ಬರಲಿಲ್ಲ, ಮಧ್ಯಾರಾಧನೆಗೂ ಬರಲಿಲ್ಲ. ಉತ್ತರಾರಾಧನೆಯ ದಿವಸ, ಪಂಕ್ತಿಯೆಲ್ಲ ಎದ್ದು ಹೋದ ಮೇಲೆ, ಅವನ ತಂಗಿ ಬಂದು ಅಂಗಳದಲ್ಲಿ ನಿಂತಿತು. ನಮ್ಮ ತೀರ್ಥರೂಪರು ತಾವೇ ಒಳಗೆ ಹೋಗಿ ಹಯಗ್ರೀವ ತಂದು ಎಲೆಯಲ್ಲಿ ಕಟ್ಟಿದರು. ಹುಡುಗಿ ಪೊಟ್ಟಣವನ್ನು ನೋಡಿ, "ಇನ್ನೊಂದು ಕಟ್ರಿ" ಎಂದಳು. ಎರಡು ಪೊಟ್ಟಣ ತೆಗೆದುಕೊಂಡು ಹೋದಳು.

॥ ಶ್ರೀಕೃಷ್ಣಾರ್ಪಣಮಸ್ತು ॥